ಕಾರ್ಡಿನ ಅಚ್ಚೊತ್ತುವ ಕೈಯಂತ್ರ

(ಅನಕಾಪಲ್ಲಿಯಲ್ಲಿ ನಮ್ಮ ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತೇ ತಲೆ ನರೆತವನು. “ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವಿನ ವಿಷಯ ಹೇಳಿ, ಸಾಕು” ಎಂದು ಕಾರ್ಯದರ್ಶಿಗಳು ಧೈರ್ಯ ಕೊಟ್ಟದ್ದರಿಂದ ತಮ್ಮ ಮುಂದೆ ನಿಂತಿದ್ದೇನೆ. ಆ ವಸ್ತುವನ್ನು ಜೊತೆಯಲ್ಲಿಯೇ ತಂದಿದ್ದೇನೆ. ಇಗೋ, ಮೇಜಿನ ಮೇಲಿದೆ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡದ್ದು. ಇಲ್ಲಿರುವ ತರುಣರಲ್ಲಿ ಅನೇಕರು ಇದನ್ನು ಕಂಡಿರಲಾರಿರಿ. ಒಂದು ಕಾಲಕ್ಕೆ ಕ್ರೆಡಿಟ್ ಕಾರ್ಡಿನ ವ್ಯವಹಾರವೆಲ್ಲ ಈ ಕೈಯಂತ್ರದ ಮೇಲೆಯೇ ನಡೆಯುತ್ತಿತ್ತು.

ಈ ಯಂತ್ರದ ವಂಶ ಹಳೆಯದು. ಅಮೆರಿಕದ ಜೋಸೆಫ್ ಸ್ಮಿತ್ ಡಂಕನ್ ಎಂಬಾತ ೧೮೯೬ರಲ್ಲಿ ಅಡ್ರೆಸೋಗ್ರಾಫ್ ಎಂಬ ಯಂತ್ರಕ್ಕೆ ಪೇಟೆಂಟು ಪಡೆದ. ಒಂದೇ ವಿಳಾಸವನ್ನು ನೂರು ಸಲ ಬರೆದು ಬೆರಳು ಸವೆಸುತ್ತಿದ್ದ ಗುಮಾಸ್ತರ ಬವಣೆ ತಪ್ಪಿಸುವುದೇ ಅದರ ಉದ್ದೇಶ. ಮುಂದೆ ಅದಕ್ಕೆ ಉಬ್ಬು ಅಕ್ಷರದ ಲೋಹದ ತಗಡುಗಳು ಬಂದವು. ೧೯೩೦ರ ದಶಕದಲ್ಲಿ ಅಲ್ಲಿನ ದೊಡ್ಡ ಅಂಗಡಿಗಳು ಸಾಲದ ಗಿರಾಕಿಗಳಿಗೆ ಚಾರ್ಗಾ-ಪ್ಲೇಟ್ ಎಂಬ ಚಿಕ್ಕ ತಗಡು ಕೊಡುತ್ತಿದ್ದುವು. ೧೯೫೦ರಲ್ಲಿ ಡೈನರ್ಸ್ ಕ್ಲಬ್ ರಟ್ಟಿನ ಕಾರ್ಡು ಹೊರಡಿಸಿತು. ೧೯೫೯ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಸ್ಟಿಕ್ ಕಾರ್ಡು ತಂದಿತು. ನಮ್ಮ ಈ ಸೀಮೆಗೆ ಬಂದರೆ, ೧೯೨೩ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕು ೧೯೮೧ರಲ್ಲಿ ಕ್ರೆಡಿಟ್ ಕಾರ್ಡು ಆರಂಭಿಸಿತು. ವಿಶಾಖಪಟ್ಟಣದ ಹೋಟೆಲಿನಲ್ಲಿ ನನ್ನ ಕೈಗೆ ಈ ಯಂತ್ರ ಬಂದದ್ದು ಆಮೇಲೆ, ೧೯೮೫ರಲ್ಲಿ. (ಆ ಬ್ಯಾಂಕೂ ನಮ್ಮ ಉಡುಪಿಯ ಕಾರ್ಪೊರೇಷನ್ ಬ್ಯಾಂಕೂ ೨೦೨೦ರ ಏಪ್ರಿಲ್ ೧ರಂದು ಒಂದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದುವು. ಇಬ್ಬರು ನೆಂಟರು ಒಂದೇ ಮನೆಗೆ ಹೋದಂತಾಯಿತು.)

ಈಗ ಯಂತ್ರದ ಮರ್ಮಕ್ಕೆ ಬರೋಣ. ಕಾರ್ಡಿನ ಉದ್ದ ೮೫.೬ ಮಿಲಿಮೀಟರು, ಅಗಲ ಸುಮಾರು ೫೪, ದಪ್ಪ ೦.೭೬. ಲೋಕದಲ್ಲೆಲ್ಲ ಇದೇ ಅಳತೆ. ಅಂಕೆಗಳು ಕಾರ್ಡಿನ ಮೈಯಿಂದ ಸುಮಾರು ಅರ್ಧ ಮಿಲಿಮೀಟರು ಮೇಲಕ್ಕೆ ಉಬ್ಬಿರುತ್ತವೆ. ಖಾತೆಯ ಸಂಖ್ಯೆ ಅಂಗುಲಕ್ಕೆ ೭ ಅಂಕೆಯಂತೆ, ಹೆಸರು ಅಂಗುಲಕ್ಕೆ ೧೦ ಅಕ್ಷರದಂತೆ. ಸಂಖ್ಯೆಯ ಅಂಕೆಗಳ ಆಕಾರವೂ ಗೊತ್ತುಮಾಡಿದ್ದೇ. ಬ್ಯಾಂಕಿನಲ್ಲಿ ಚೀಟಿಯನ್ನು ಯಂತ್ರವೂ ಓದಬೇಕು, ಮನುಷ್ಯನೂ ಓದಬೇಕು ಎಂದು ಹಾಗೆ ಮಾಡಿದ್ದಾರೆ.

ಇಲ್ಲಿ ಒಂದು ಪ್ರಶ್ನೆ. ರಬ್ಬರ್ ಮೊಹರಿನಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತವೆ. ಕಾರ್ಡಿನಲ್ಲಾದರೋ ನೇರವಾಗಿವೆ. ಹಾಗಿದ್ದೂ ಚೀಟಿಯ ಮೇಲೆ ನೇರವಾಗಿಯೇ ಬೀಳುವುದು ಹೇಗೆ? ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಹಾಕಿ ಪೆನ್ಸಿಲಿನಿಂದ ಉಜ್ಜುತ್ತಿದ್ದುದನ್ನು ನೆನೆಸಿಕೊಳ್ಳಿ. ಉಬ್ಬು ಕೆಳಗೆ, ಬಣ್ಣ ಬೀಳುವುದು ಕಾಗದದ ಮೇಲು ಮೈಯಲ್ಲಿ. ಆದ್ದರಿಂದ ರೂಪ ಮಗುಚುವುದಿಲ್ಲ. ಇಲ್ಲಿಯೂ ಅಷ್ಟೆ. ಕೆಳಗೆ ಕಾರ್ಡು, ಮೇಲೆ ಹಾಳೆಗಳು, ನಡುವೆ ಕಾರ್ಬನ್. ಪೆನ್ಸಿಲಿನ ಬದಲು ಉರುಳೆ.

ಉರುಳೆಯೇ ಏಕೆ? ಮೇಲಿಂದ ಚಪ್ಪಟೆ ಹಲಗೆಯನ್ನು ಒತ್ತಿದರಾಗದೆ? ಇದಕ್ಕೆ ಉತ್ತರ ನಮ್ಮೂರ ಗಾಣದಲ್ಲಿದೆ. ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರೂ ಲೆಕ್ಕ ಬರೆಯುವವರೂ ಈ ಸಭೆಯಲ್ಲಿದ್ದೀರಿ. ಮಂಡ್ಯದ ಕಡೆಯವರು ಆಲೆಮನೆಯಲ್ಲಿಯೇ ಬೆಳೆದವರು. ಕಬ್ಬಿನ ಜಲ್ಲೆಯನ್ನು ಇಡಿಯಾಗಿ ಹಲಗೆಯ ಕೆಳಗಿಟ್ಟು ಹಿಂಡಲು ಆನೆಯ ಬಲ ಬೇಕು. ಅದನ್ನೇ ಎರಡು ಉರುಳೆಗಳ ನಡುವೆ ಬಿಟ್ಟರೆ ಒಂದು ಗಳಿಗೆಗೆ ಒಂದು ಕಿರಿದಾದ ಗೆರೆಯಷ್ಟು ಜಾಗ ಮಾತ್ರ ಅದುಮಲ್ಪಡುತ್ತದೆ. ಬಲವೆಲ್ಲ ಅಲ್ಲಿಯೇ ಕೂಡುತ್ತದೆ. ಈ ಯಂತ್ರದಲ್ಲಿಯೂ ಉರುಳೆ ಒಂದು ಸಲಕ್ಕೆ ಒಂದೆರಡು ಅಂಕೆಯ ಮೇಲೆ ಮಾತ್ರ ನಿಲ್ಲುತ್ತದೆ. ಹದಿನಾರು ಅಂಕೆಯನ್ನು ಒಂದೇ ಏಟಿಗೆ ಒತ್ತಲಾರದ ಮನುಷ್ಯನ ತೋಳು, ಒಂದೊಂದನ್ನೇ ಸಲೀಸಾಗಿ ಒತ್ತಿಬಿಡುತ್ತದೆ.

ಉಳಿದ ಭಾಗಗಳನ್ನು ನೋಡಿ. ಇದು ಅಡಿಯ ಹಾಸು. ಇಲ್ಲಿ ಕಾರ್ಡು ಕೂರುವ ತಗ್ಗು. ಅದು ಕದಲದಂತೆ ಅಂಚಿನಲ್ಲಿ ಈ ತಡೆಗಳು. ಪಕ್ಕದಲ್ಲಿ ಅಂಗಡಿಯ ಹೆಸರೂ ಸಂಖ್ಯೆಯೂ ಇರುವ ಖಾಯಂ ತಗಡು. ತಾರೀಖಿಗೆ ಈ ಸಣ್ಣ ಚಕ್ರಗಳು. ಬೆಳಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ಇವನ್ನು ತಿರುಗಿಸುವುದು ನನ್ನ ಮೊದಲ ಕೆಲಸ. ಎರಡು ಪಕ್ಕದ ಕಂಬಿಗಳು ಹಿಡಿಯುಳ್ಳ ಬಂಡಿಯನ್ನು ಮೇಲಕ್ಕೇಳದಂತೆ ತಡೆಹಿಡಿದಿವೆ. ಉರುಳೆ ಇರುವುದು ಬಂಡಿಯ ಹೊಟ್ಟೆಯಲ್ಲಿ. ಕೆಲವು ಮಾದರಿಗಳಲ್ಲಿ ಹೋಗುವಾಗ ಒಂದು ಭಾಗ, ಬರುವಾಗ ಇನ್ನೊಂದು ಭಾಗ ಮೂಡುವುದುಂಟು. ಉರುಳೆಗೂ ಹಾಸಿಗೂ ನಡುವಿನ ಸಂದು ಹೆಚ್ಚಾದರೆ ಅಚ್ಚು ಮಸುಕು. ಕಡಿಮೆಯಾದರೆ ಕಾಗದ ಹರಿಯುತ್ತದೆ, ಕಾರ್ಡಿಗೂ ಕೇಡು. ಇಡೀ ಯಂತ್ರದ ಮರ್ಯಾದೆ ನಿಂತಿರುವುದು ಕೂದಲೆಳೆಯಂಥ ಈ ಸಂದಿನ ಮೇಲೆ. ಎಳೆಯುವಾಗ ಅಜಾಗರೂಕನಾದರೆ ಬೆರಳ ಗೆಣ್ಣು ಜಜ್ಜುತ್ತದೆ. ಅಮೆರಿಕದವರು ಇದಕ್ಕೆ ಗೆಣ್ಣು ಮುರುಕ ಎಂಬ ಅಡ್ಡ ಹೆಸರನ್ನೇ ಇಟ್ಟಿದ್ದರಂತೆ.

ಇನ್ನು ನನ್ನ ಕಥೆ. ೧೯೮೬ರಲ್ಲಿ ನನ್ನ ಸಂಬಳ ತಿಂಗಳಿಗೆ ೪೫೦ ರೂಪಾಯಿ. ಊರಿಗೆ ೩೦೦ ಕಳುಹಿಸಬೇಕು. ಒಂದು ದಿನ ೧೮೦ ರೂಪಾಯಿಯ ಚೀಟಿಯೊಂದು ಬ್ಯಾಂಕಿನಿಂದ ಹಿಂದಕ್ಕೆ ಬಂತು. ಕೊನೆಯ ನಾಲ್ಕು ಅಂಕೆ ಓದಲಾಗುವುದಿಲ್ಲವೆಂದು ಷರಾ. ಗಿರಾಕಿ ಯಾರೋ, ಎಲ್ಲಿಯವರೋ! ಧಣಿಗಳು, “ನೀನು ಸರಿಯಾಗಿ ಎಳೆದಿಲ್ಲ. ತಿಂಗಳಿಗೆ ೬೦ರಂತೆ ಮೂರು ತಿಂಗಳು ಹಿಡಿಯುತ್ತೇನೆ” ಎಂದರು. ಮೊದಲ ತಿಂಗಳು ಹಿಡಿದೂಬಿಟ್ಟರು. ಆ ತಿಂಗಳು ಅವ್ವನಿಗೆ ೨೪೦ ಹೋಯಿತು. ಕಾರಣವನ್ನು ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ.

ರಾತ್ರಿ ಮಾಣಿಗಳೆಲ್ಲ ಮಲಗಿದ ಮೇಲೆ ಹಳೆಯ ಚೀಟಿಗಳ ಅಂಗಡಿಯ ಪ್ರತಿಗಳನ್ನು ಹರಡಿಕೊಂಡು ಕುಳಿತೆ. ಎಲ್ಲದರಲ್ಲಿಯೂ ಕೊನೆಯ ಅಂಕೆಗಳೇ ಸೊರಗಿದ್ದುವು. ಯೋಚಿಸಿದೆ. ಸಂಖ್ಯೆ ಚೆನ್ನಾಗಿದ್ದು ಹೆಸರು ಮಾತ್ರ ಮಸುಕಾಗಿದ್ದರೆ ಉರುಳೆ ಅಡ್ಡಕ್ಕೆ ಓರೆಯಾಗಿದೆ ಎಂದರ್ಥ. ಇಲ್ಲಿ ಮೊದಲು ಚೆನ್ನಾಗಿದ್ದು ಕೊನೆಗೆ ಮಸುಕು. ಹಾಗಾದರೆ ಉರುಳೆಯದಲ್ಲ, ಅದು ಓಡುವ ದಾರಿಯದೇ ತಪ್ಪು. ನೋಡಿದರೆ ಆ ತುದಿಯಲ್ಲಿ ಕಂಬಿಯ ತಿರುಪು ಸಡಿಲವಾಗಿತ್ತು. ಬಂಡಿ ಅಲ್ಲಿಗೆ ಬಂದೊಡನೆ ತುಸು ಮೇಲಕ್ಕೇಳುತ್ತಿತ್ತು.

ಮಾರನೆಯ ದಿನ ಊಟಕ್ಕೆ ಬರುತ್ತಿದ್ದ ಧಾರವಾಡದ ಕಡೆಯ ಗುಮಾಸ್ತರೊಬ್ಬರನ್ನು, “ರಾಯರೇ, ತಮ್ಮ ಕಾರ್ಡು ಐದು ನಿಮಿಷ ಕೊಡಿ” ಎಂದು ಬೇಡಿದೆ. ಧಣಿಗಳ ಕಣ್ಣೆದುರಿಗೆ ಹತ್ತು ಚೀಟಿ ಎಳೆದೆ. ಹತ್ತರಲ್ಲಿಯೂ ಅದೇ ಜಾಗ ಮಸುಕು. “ಧಣಿ, ಕೈಯ ತಪ್ಪಾದರೆ ಒಂದೊಂದು ಸಲ ಒಂದೊಂದು ಕಡೆ ಕಾಣಬೇಕು. ಇದು ಯಂತ್ರದ ತಪ್ಪು” ಎಂದೆ. ತಿರುಪು ಬಿಗಿದು ಹನ್ನೊಂದನೆಯದನ್ನು ಎಳೆದೆ. ಹದಿನಾರು ಅಂಕೆಯೂ ಮಣಿ ಪೋಣಿಸಿದಂತೆ ಬಂದುವು. ಆ ಹನ್ನೊಂದು ಚೀಟಿಗಳನ್ನೂ ಕಾರ್ಬನ್‌ಗಳನ್ನೂ ರಾಯರ ಎದುರಿಗೇ ಹರಿದುಹಾಕಿದೆ. ಧಣಿಗಳು ಏನೂ ಹೇಳಲಿಲ್ಲ. ಮುಂದಿನ ತಿಂಗಳು ಸಂಬಳ ಪೂರ್ತಿ ಬಂತು. ಹಿಡಿದ ೬೦ ರೂಪಾಯಿ ಮಾತ್ರ ಹಿಂದಕ್ಕೆ ಬರಲೇ ಇಲ್ಲ.

ಕಾರ್ಬನ್‌ಗಳನ್ನು ಏಕೆ ಹರಿದೆ? ಅದರಲ್ಲಿ ಕಾರ್ಡಿನ ಸಂಖ್ಯೆ ಪೂರ್ತಿ ಉಳಿಯುತ್ತಿತ್ತು. ಕಸದ ಬುಟ್ಟಿಯಿಂದ ಅದನ್ನು ಆರಿಸಿ ಮೋಸ ಮಾಡುವವರು ಲೋಕದಲ್ಲಿದ್ದರು. ಕಾರ್ಬನ್ ಬೇಡದ ಕಾಗದವನ್ನು ಅಮೆರಿಕದ ಎನ್‌ಸಿಆರ್ ಕಂಪನಿ ೧೯೫೪ರಲ್ಲಿಯೇ ತಂದಿತ್ತು. ನಮ್ಮ ಗಲ್ಲಾಕ್ಕೆ ಅದು ಬಂದದ್ದು ಬಹಳ ತಡವಾಗಿ. ಯಂತ್ರಕ್ಕೆ ಇನ್ನೊಂದು ಕೊರತೆಯೂ ಇತ್ತು. ಕಾರ್ಡು ಕದ್ದದ್ದೋ, ಖಾತೆಯಲ್ಲಿ ಅವಕಾಶವಿದೆಯೋ ಅದಕ್ಕೆ ತಿಳಿಯದು. ಕೆಟ್ಟ ಕಾರ್ಡುಗಳ ಪಟ್ಟಿಯನ್ನು ನಾವೇ ನೋಡಬೇಕು. ಮೊತ್ತ ಮಿತಿ ಮೀರಿದರೆ ಬ್ಯಾಂಕಿಗೆ ಟೆಲಿಫೋನು ಮಾಡಬೇಕು.

ಆದುದರಿಂದಲೇ ವಿದ್ಯುತ್ ಯಂತ್ರಗಳು ಬಂದಾಗ ಇದು ಮೂಲೆ ಸೇರಿತು. ಈಗ ಚಿಪ್ಪು ಬಂದಿದೆ, ಫೋನಿನಲ್ಲಿ ಹಣ ಕಳುಹಿಸುವ ಯುಪಿಐ ೨೦೧೬ರಲ್ಲಿ ಬಂತು. ಎಷ್ಟೋ ಹೊಸ ಕಾರ್ಡುಗಳ ಮೈ ನುಣುಪು. ಅವುಗಳ ಮೇಲೆ ಉರುಳೆ ಓಡಿಸಿದರೆ ಏನೂ ಮೂಡದು. ಇದು ಒಳ್ಳೆಯದೇ. ಆದರೆ ೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿ ಕರೆಂಟೂ ಫೋನೂ ಹೋದಾಗ, ಕಾರ್ಡು ಕೈಯಲ್ಲಿದ್ದೂ ಅಕ್ಕಿ ಕೊಳ್ಳಲಾರದೆ ನಿಂತವರನ್ನು ಕಂಡೆ. ಆಗ ಈ ಮುದಿಯಂತ್ರದ ನೆನಪಾಯಿತು.

ಇದರಲ್ಲಿ ನನಗೆ ಮೆಚ್ಚಾದ ಗುಣ ಒಂದೇ: ಮೂರು ಪ್ರತಿ. ಒಂದು ಗಿರಾಕಿಗೆ, ಒಂದು ಅಂಗಡಿಗೆ, ಒಂದು ಬ್ಯಾಂಕಿಗೆ. ಮೂವರ ಕೈಯಲ್ಲಿಯೂ ಒಂದೇ ಸಾಕ್ಷಿ. ನನ್ನನ್ನು ಕಾಪಾಡಿದ್ದೂ ಅಂಗಡಿಯ ಆ ಪ್ರತಿಗಳೇ. ತಾವೂ ಹಾಗೆಯೇ ಸಂಬಳದ ಚೀಟಿ, ಮುಂಗಡದ ಲೆಕ್ಕ, ಹಣ ಕಳುಹಿಸಿದ ಗುರುತು, ಯಾವುದಾದರೂ ಸರಿ, ತಮ್ಮದೊಂದು ಪ್ರತಿ ಇಟ್ಟುಕೊಳ್ಳಿ. ಪರಸ್ಥಳದಲ್ಲಿ ದುಡಿಯುವವನಿಗೆ ಕಾಗದವೇ ಬಂಧು. ತಪ್ಪು ತಮ್ಮ ತಲೆಗೆ ಬಂದಾಗ ಮೊದಲು ಯಂತ್ರವನ್ನು ತಿರುಗಿಸಿ ನೋಡಿ.

ಈಗ ಒಬ್ಬೊಬ್ಬರಾಗಿ ಬಂದು ಹಿಡಿಯನ್ನು ಎಳೆದು ನೋಡಬಹುದು. ಗೆಣ್ಣು ಜೋಕೆ!