ಕಿತ್ತಳೆಯ ತೋಟಕ್ಕೆ ಹೊರಡುವ ಮುನ್ನ

(ನಾಗಪುರದಲ್ಲಿ ನಮ್ಮ ಸಂಘದ ಮಾಸಿಕ ಕೂಟದಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಚಳಿ ಬಿದ್ದಿತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳದು ಒಂದೇ ಪ್ರಶ್ನೆ: "ಈ ಸಲ ತೋಟಕ್ಕೆ ಯಾವಾಗ?" ಪೇಟೆಯಲ್ಲಿ ಎಷ್ಟೇ ಹಣ್ಣು ಸಿಗಲಿ, ಮರದ ಕೆಳಗೆ ನಿಂತು ಕೈಯಾರೆ ಬಿಡಿಸಿ ತಿನ್ನುವ ರುಚಿ ಬೇರೆ. ಈ ವರ್ಷದ ಪ್ರವಾಸದ ಏರ್ಪಾಡನ್ನು ತಮ್ಮ ಮುಂದಿಡಲು ಸಮಿತಿಯು ನಮಗೆ ಅಪ್ಪಣೆ ಮಾಡಿದೆ. ಆದರೆ ಅದಕ್ಕೂ ಮೊದಲು ಕಳೆದ ವರ್ಷದ ಒಂದು ಲೆಕ್ಕವನ್ನು ಒಪ್ಪಿಸಬೇಕಾಗಿದೆ. ರೂಪಾಯಿ ಪೈಸೆಯ ಲೆಕ್ಕವನ್ನು ಖಜಾಂಚಿಗಳು ಆಗಲೇ ಓದಿದ್ದಾರೆ. ಇದು ಆ ಪುಸ್ತಕದಲ್ಲಿ ಬರೆಯದೆ ಉಳಿದ ಲೆಕ್ಕ.

ಕಳೆದ ವರ್ಷ ನಾವು ಎರಡು ಬಸ್ಸು ಮಾಡಿಕೊಂಡು ಕಾಟೋಲಿನ ಕಡೆಯ ಒಂದು ತೋಟಕ್ಕೆ ಹೋದೆವು. ತೋಟದ ಯಜಮಾನರ ಒಪ್ಪಿಗೆ ಪಡೆದಿದ್ದೆವು. ಬಾಗಿಲಲ್ಲಿದ್ದ ಕಾವಲುಗಾರರು ಯಜಮಾನರ ಮಾತು ಕೇಳಿ ನಗುಮುಖದಿಂದ ನಮ್ಮನ್ನು ಒಳಗೆ ಬಿಟ್ಟರು. ಮಕ್ಕಳಿಗೆ ಬಾವಿಯ ನೀರು ಸೇದಿ ಕೊಟ್ಟರು. ಆಮೇಲೆ ನಡೆದುದನ್ನು ತಾವೆಲ್ಲ ಬಲ್ಲಿರಿ. ಮಕ್ಕಳು ಮರ ಹತ್ತಿದರು, ದೊಡ್ಡವರು ಕೊಂಬೆ ಜಗ್ಗಿದರು, ಹುಳಿಯೆಂದು ಕಂಡದ್ದನ್ನು ಒಂದು ತೊಳೆ ತಿಂದು ಎಸೆದರು. ಸಂಜೆ ಹಾಡುತ್ತ ಮನೆಗೆ ಬಂದೆವು.

ಎರಡು ವಾರದ ಮೇಲೆ ನಮ್ಮ ಸದಸ್ಯರೊಬ್ಬರು ಬೇರೆ ಕೆಲಸಕ್ಕಾಗಿ ಆ ಕಡೆಗೆ ಹೋದಾಗ ವಿಷಯ ತಿಳಿಯಿತು. ಆ ಸಾಲುಗಳ ಫಸಲನ್ನು ಯಜಮಾನರು ಮೊದಲೇ ಒಬ್ಬ ವ್ಯಾಪಾರಿಗೆ ಮಾರಿದ್ದರು. ಕಾವಲುಗಾರರ ಸಂಬಳ ಕೊಡುತ್ತಿದ್ದವರು ಆ ವ್ಯಾಪಾರಿ. ಹಣ್ಣು ಹೋದದ್ದಕ್ಕೆ ಅವರ ಸಂಬಳ ಮುರಿದು, ಕೆಲಸದಿಂದಲೂ ಬಿಡಿಸಿಬಿಟ್ಟಿದ್ದರು. ನಾವು ಕೂಡಲೆ ವರ್ಗಣಿ ಕೂಡಿಸಿ ಹಣ ತೆಗೆದುಕೊಂಡು ಹೋದೆವು. ಆ ಹೊತ್ತಿಗೆ ಅವರು ಸಂಸಾರ ಸಮೇತ ಊರು ಬಿಟ್ಟಿದ್ದರು. ಎಲ್ಲಿಗೆ ಹೋದರೆಂದು ಹೇಳುವವರಿಲ್ಲ. ಆ ಹಣ ಇಂದಿಗೂ ಸಂಘದ ಪೆಟ್ಟಿಗೆಯಲ್ಲಿಯೇ ಇದೆ.

ಬಂಧುಗಳೇ, ಕೂಲಿ ಹೋಗುವುದೆಂದರೇನೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಮ್‌ಷೆಟ್‌ಜಿ ಟಾಟಾ ಅವರು ೧೮೭೭ರಲ್ಲಿ ಇಲ್ಲಿ ಆರಂಭಿಸಿದ ಎಂಪ್ರೆಸ್ ಗಿರಣಿ ೨೦೦೨ರಲ್ಲಿ ಮುಚ್ಚಿತು. ಗಿರಣಿಯ ಸೀಟಿ ನಿಂತ ಮೇಲೆ ಮನೆಮನೆಯಲ್ಲಿ ಏನಾಯಿತೆಂಬುದನ್ನು ಇಲ್ಲಿ ಕುಳಿತ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅಂಥ ಊರಿನ ಕಾರ್ಮಿಕರಾದ ನಾವೇ ಇನ್ನೊಬ್ಬ ಕಾರ್ಮಿಕನ ಅನ್ನಕ್ಕೆ ಕಲ್ಲು ಹಾಕಿ ಬಂದೆವು. ಬೇಕೆಂದು ಮಾಡಿದ್ದಲ್ಲ, ನಿಜ. ವಿಚಾರಿಸದೆ ಮಾಡಿದ್ದು. ಆ ತಪ್ಪು ಸಮಿತಿಯದೇ.

ಇನ್ನು ಮೇಲೆ ಪ್ರವಾಸವೇ ಬೇಡ, ಕಳಮನಾ ಮಾರುಕಟ್ಟೆಯಿಂದ ನಾಲ್ಕು ಪೆಟ್ಟಿಗೆ ತಂದು ಹಂಚಿಬಿಡಿ ಎಂದು ಕೆಲವರು ಸಲಹೆ ಮಾಡಿದರು. ನಮಗೆ ಅದು ಸರಿತೋರಲಿಲ್ಲ. ಕಿತ್ತಳೆಯ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಕಿತ್ತಳೆಯ ಮರವನ್ನೇ ಕಾಣದಿದ್ದರೆ ಹೇಗೆ? ಹೋಗೋಣ. ತಿಳಿದು ಹೋಗೋಣ.

ಯಾವಾಗ ಹೋಗಬೇಕೆಂಬುದು ಮೊದಲ ಮಾತು. ಇಲ್ಲಿನ ಸಂತ್ರಾ ಮರಕ್ಕೆ ವರ್ಷದಲ್ಲಿ ಎರಡು ಬಹಾರಗಳುಂಟು. ಮಾವು ಹೂ ಬಿಡುವ ಕಾಲದಲ್ಲಿ, ಅಂದರೆ ಜನವರಿ ಫೆಬ್ರವರಿಯಲ್ಲಿ ಹೂವಾಗುವುದು ಅಂಬಿಯಾ ಬಹಾರ. ಅದರ ಹಣ್ಣು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮಿರಗದ ಮಳೆಗೆ ಹೂವಾಗುವುದು ಮೃಗ ಬಹಾರ. ಅದರ ಹಣ್ಣು ಫೆಬ್ರವರಿಯಿಂದ ಏಪ್ರಿಲಿನವರೆಗೆ. ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ, ನಮಗೆ ಬಿಸಿಲು. ಆದುದರಿಂದ ನವೆಂಬರಿನ ಕೊನೆಯ ಅಥವಾ ಡಿಸೆಂಬರಿನ ಮೊದಲ ಭಾನುವಾರ ವಾಸಿ. ಪಾಳಿಯ ಕೆಲಸದವರಿಗೆ ಭಾನುವಾರ ರಜೆಯಿರುವುದಿಲ್ಲ. ಅವರಿಗಾಗಿ ವಾರದ ನಡುವೆ ಎರಡನೆಯ ತಂಡ ಹೊರಡಲಿ.

ಆ ಹೂವು ತಾನಾಗಿ ಬರುವುದಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು. ಅಂಬಿಯಾ ಬಹಾರಕ್ಕಾಗಿ ರೈತರು ಚಳಿಗಾಲದಲ್ಲಿ ಕೆಲವು ವಾರ ಮರಕ್ಕೆ ನೀರು ನಿಲ್ಲಿಸುತ್ತಾರೆ. ಇದಕ್ಕೆ ಇಲ್ಲಿಯವರು ತಾಣ್ ಕೊಡುವುದೆನ್ನುತ್ತಾರೆ. ಮರ ಬಾಡಿ ಎಲೆ ಉದುರಿಸಲು ತೊಡಗಿದ ಮೇಲೆ ಗೊಬ್ಬರ ಹಾಕಿ ನೀರು ಬಿಟ್ಟರೆ ಹೂವು ತುಂಬುತ್ತದೆ. ಆ ಹೂವು ಕಾಯಾಗಿ ಹಣ್ಣಾಗಲು ಎಂಟು ಒಂಬತ್ತು ತಿಂಗಳು ಬೇಕು. ನಡುವೆ ಬಾವಿ ಬತ್ತಬಹುದು, ಆಲಿಕಲ್ಲು ಬೀಳಬಹುದು, ಮಳೆಗಾಲದಲ್ಲಿ ಕಾಯಿ ಉದುರಬಹುದು. ನಾಗಪುರದ ಸಂತ್ರಾಕ್ಕೆ ೨೦೧೪ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದು ಹೆಮ್ಮೆಯ ಮಾತೇ. ಆದರೆ ಆ ಗುರುತು ಆಲಿಕಲ್ಲನ್ನು ತಡೆಯಲಾರದು.

ಎಲ್ಲಿಗೆ ಎಂಬುದು ಎರಡನೆಯ ಮಾತು. ಕಾಟೋಲು ಇಲ್ಲಿಂದ ಸುಮಾರು ೬೦ ಕಿಲೋಮೀಟರು. ಇಟಾರ್ಸಿಗೆ ಹೋಗುವ ರೈಲುದಾರಿಯ ಮೇಲೆಯೇ ಇದೆ. ಕಳಮೇಶ್ವರ ಅದಕ್ಕಿಂತ ಹತ್ತಿರ. ಚಿಕ್ಕ ಮಕ್ಕಳೂ ವಯಸ್ಸಾದವರೂ ಬರುವುದರಿಂದ ಈ ಸಲ ಕಳಮೇಶ್ವರದ ಕಡೆಯೇ ನೋಡೋಣವೆಂದು ಸಮಿತಿಯ ಅಭಿಪ್ರಾಯ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತೋಟ ಒಬ್ಬರದು, ಫಸಲು ಇನ್ನೊಬ್ಬರದು ಆಗಿರುವುದು ಇಲ್ಲಿ ವಾಡಿಕೆ. ಹಣ್ಣು ಮರದ ಮೇಲಿರುವಾಗಲೇ ವ್ಯಾಪಾರಿಗಳು ಗುತ್ತಿಗೆ ಹಿಡಿದಿರುತ್ತಾರೆ. ಆದುದರಿಂದ ಸಮಿತಿಯ ಇಬ್ಬರು ಒಂದು ವಾರ ಮೊದಲೇ ಹೋಗಿ, ಯಾವ ಸಾಲು ಯಾರದೆಂದು ಕೇಳಿ, ತೂಕಕ್ಕೆ ಇಷ್ಟೆಂದು ಬೆಲೆ ಗೊತ್ತುಮಾಡಿ, ಮುಂಗಡ ಕೊಟ್ಟು ಬರಬೇಕು. ಔಷಧಿ ಸಿಂಪಡಿಸಿ ಎಷ್ಟು ದಿನವಾಯಿತೆಂದೂ ಕೇಳಬೇಕು. ಕಾವಲುಗಾರರ ಎದುರಿನಲ್ಲಿಯೇ ಈ ಮಾತು ನಡೆಯಬೇಕು. ತಿಂದದ್ದಕ್ಕೂ ಒಯ್ದದ್ದಕ್ಕೂ ಹಣ ಕೊಡಬೇಕು. ನಮ್ಮಿಂದಾಗಿ ಆ ದಿನ ಕೊಯ್ಲಿನ ಹೆಂಗಸರ ಕೆಲಸ ತಪ್ಪಿದರೆ ಅವರ ಕೂಲಿಯನ್ನೂ ಸೇರಿಸಬೇಕು. ಅವರಲ್ಲೊಬ್ಬರು ನಮಗೆ ಹಣ್ಣು ಬಿಡಿಸಲು ಕಲಿಸಿದರೆ ಇನ್ನೂ ಒಳ್ಳೆಯದು.

ಬಿಡಿಸುವುದರಲ್ಲಿಯೂ ರೀತಿಯಿದೆ. ಈ ಹಣ್ಣಿನ ಸಿಪ್ಪೆ ಸಡಿಲ. ಜಗ್ಗಿ ಕಿತ್ತರೆ ತೊಟ್ಟಿನ ಬಳಿ ಸಿಪ್ಪೆ ಹರಿಯುತ್ತದೆ. ಅಲ್ಲಿಂದ ಬೂಸಲು ಹಿಡಿದು ಬುಟ್ಟಿಯೆಲ್ಲ ಕೆಡುತ್ತದೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು ತೊಟ್ಟನ್ನು ಕತ್ತರಿಯಿಂದ ಗಿಡ್ಡಗೆ ಕತ್ತರಿಸಬೇಕು. ಮನೆಗೊಂದು ಚಿಕ್ಕ ಕತ್ತರಿ ತನ್ನಿರಿ; ಅದು ದೊಡ್ಡವರ ಕೈಯಲ್ಲಿರಲಿ. ಸಿಪ್ಪೆಯಲ್ಲಿ ಹಸುರು ಉಳಿದಿದ್ದರೂ ಒಳಗೆ ಹಣ್ಣಾಗಿರಬಹುದು, ಬಣ್ಣವೊಂದನ್ನೇ ನಂಬಬೇಡಿರಿ. ಹುಳಿಯಾದದ್ದನ್ನು ಮನೆಯಲ್ಲಿಟ್ಟರೆ ಸಿಹಿಯಾದೀತೆಂದೂ ತಿಳಿಯಬೇಡಿರಿ. ಕಿತ್ತಳೆ ಮಾವಿನಂತಲ್ಲ, ಕೊಯ್ದ ಮೇಲೆ ಮಾಗುವುದಿಲ್ಲ. ಒಂದು ಸಾಲಿನಲ್ಲಿ ಒಂದು ಹಣ್ಣು ತಿಂದು ನೋಡಿ, ಆಮೇಲೆ ಕತ್ತರಿ ಹಾಕೋಣ.

ಮಿಕ್ಕ ಮಾತುಗಳು ಚಿಕ್ಕವು. ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ, ಹಳೆಯ ಚಪ್ಪಲಿ ಇರಲಿ. ಹನಿ ನೀರಾವರಿಯ ಕೊಳವೆ ತುಳಿಯಬಾರದು. ತೋಟದ ಬಾವಿಗಳಿಗೆ ಕಟ್ಟೆಯಿಲ್ಲದಿರಬಹುದು. ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು ಕಾವಲಿರಬೇಕು. ಹಣ್ಣಿಗೆ ಪ್ಲಾಸ್ಟಿಕ್ ಚೀಲ ಬೇಡ, ಬುಟ್ಟಿಯೋ ಬಟ್ಟೆಯ ಚೀಲವೋ ಇರಲಿ. ರೊಟ್ಟಿ, ಚಟ್ನಿಪುಡಿ, ಮೊಸರನ್ನ ಎಂದಿನಂತೆ ತಾಯಂದಿರ ಕೃಪೆ. ಬಡಿಸುವ ಮತ್ತು ಪಾತ್ರೆ ತೊಳೆಯುವ ಕೆಲಸ ಈ ಸಲ ಗಂಡಸರದು; ಅವರೂ ಒಂದು ದಿನ ನೆರಳಲ್ಲಿ ಕೂರಲಿ. ತೋಟದಲ್ಲಿ ದುಡಿಯುವವರಿಗೂ ನಮ್ಮ ಪಂಕ್ತಿಯಲ್ಲಿಯೇ ಎಲೆ ಹಾಕೋಣ.

ಬಸ್ಸಿನಲ್ಲಿ ಮಕ್ಕಳಿಗೆ ಹೇಳಲು ಒಂದು ಕಥೆಯಿದೆ, ನಡೆದದ್ದೇ. ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರನ್ನು ಪರದೇಶದವರು ಹಣ್ಣಿನ ಬೆಲೆ ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿದರು. ಶಾಲೆ ಕಾಣದ ಅವರಿಗೆ ಉತ್ತರ ಹೇಳಲಾಗಲಿಲ್ಲ. ತಮ್ಮೂರಿನ ಮಕ್ಕಳಿಗೆ ಈ ಗತಿ ಬೇಡವೆಂದು ಹಣ್ಣು ಮಾರಿದ ಹಣ ಕೂಡಿಟ್ಟು ಊರಿನಲ್ಲಿ ಶಾಲೆ ಮಾಡಿದರು. ೨೦೨೦ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಅವರಿಗೆ ಭಾಷೆ ಬಾರದ್ದರಿಂದ ಬೆಲೆ ಹೇಳಲಾಗಲಿಲ್ಲ. ಭಾಷೆ ಬಲ್ಲ ನಾವು ಕಳೆದ ವರ್ಷ ಬೆಲೆಯನ್ನು ಕೇಳಲೇ ಇಲ್ಲ.

ಪೆಟ್ಟಿಗೆಯಲ್ಲಿರುವ ಹಣದ ವಿಷಯ. ಅದನ್ನು ಬಸ್ಸಿನ ಬಾಡಿಗೆಗೆ ಸೇರಿಸೋಣವೆಂದು ಒಂದು ಸೂಚನೆ ಬಂದಿದೆ. ಸಮಿತಿಯು ಇದಕ್ಕೆ ಒಪ್ಪುವುದಿಲ್ಲ. ಆ ಹಣಕ್ಕೆ ಒಡೆಯರಿದ್ದಾರೆ. ಕಾಟೋಲಿನ ಕಡೆ ಬಂಧುಬಳಗವಿರುವ ಸದಸ್ಯರು ದಯವಿಟ್ಟು ವಿಚಾರಿಸಿರಿ. ಅವರ ಸುಳಿವು ಸಿಕ್ಕ ದಿನ ನಾವೇ ಹೋಗಿ ಕೈಮುಗಿದು ಕೊಟ್ಟು ಬರುತ್ತೇವೆ. ಅಲ್ಲಿಯವರೆಗೆ ಅದು ಹಾಗೆಯೇ ಇರಲಿ.

ಬರುವವರು ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕೆಂದು ವಿನಂತಿ. ಬರುವಾಗ ಕತ್ತರಿ ಮರೆಯಬೇಡಿರಿ.