ಪ್ರಸವವೇದನೆಯೂ ಮನೋರಂಜನೆಯೂ



ಹೆರಿಗೆಯೆಂಬುದು ಹೆಣ್ಣಿಗೆ ಮರುಜನ್ಮವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆ ಮರುಜನ್ಮದ ಹೊಸ್ತಿಲಲ್ಲಿ ನಿಂತವಳಿಗೆ ಹಾಡು, ಕಥೆ, ವಿನೋದಗಳಿಂದ ಏನಾದರೂ ಉಪಕಾರವಾದೀತೆ ಎಂಬುದು ಈ ಹೊತ್ತಿನ ಪ್ರಶ್ನೆ. ಪ್ರಾಣಸಂಕಟದಲ್ಲಿರುವವಳ ಮುಂದೆ ಸಂಗೀತವೆ ಎಂದು ಕೆಲವರು ನಕ್ಕಾರು. ಸಂಗೀತವಿದ್ದರೆ ಔಷಧವೇ ಬೇಡವೆಂದು ಇನ್ನು ಕೆಲವರು ವಾದಿಸಿಯಾರು. ಈ ಎರಡು ತುದಿಗಳ ನಡುವೆ ಇರುವ ಸತ್ಯವನ್ನು ನಿಮ್ಮೊಡನೆ ವಿಚಾರಮಾಡಬೇಕೆಂದು ನನ್ನ ಅಪೇಕ್ಷೆ.

ಮೊದಲು ನೋವಿನ ಸ್ವರೂಪವನ್ನು ನೋಡೋಣ. ಚಿನ್ನಿದಾಂಡಿನಲ್ಲಿ ಮೈಮರೆತ ಹುಡುಗನಿಗೆ ಮಂಡಿ ತರಚಿ ರಕ್ತ ಬಂದದ್ದು ಆಟ ಮುಗಿದ ಮೇಲೆಯೇ ತಿಳಿಯುತ್ತದೆ. ರಾತ್ರಿಯೆಲ್ಲ ಬಯಲಾಟ ನೋಡುವವನು ಸೊಳ್ಳೆಯ ಕಡಿತಗಳನ್ನು ಎಣಿಸುವುದು ಭಾಗವತರು ಮಂಗಳ ಹಾಡಿದ ಮೇಲೆ. ಗಾಯವೂ ನಿಜ, ಕಡಿತವೂ ನಿಜ. ಅವುಗಳ ಕಡೆಗೆ ತಿರುಗಲು ಮನಸ್ಸಿಗೆ ಬಿಡುವಿರಲಿಲ್ಲ, ಅಷ್ಟೆ. ಇಂಥ ಅನುಭವಗಳಿಗೆ ಶಾಸ್ತ್ರೀಯವಾದ ವಿವರಣೆಯೊಂದನ್ನು ರೊನಾಲ್ಡ್ ಮೆಲ್ಜ್ಯಾಕ್, ಪ್ಯಾಟ್ರಿಕ್ ವಾಲ್ ಎಂಬ ವಿದ್ವಾಂಸರು 1965ರಲ್ಲಿ ಮುಂದಿಟ್ಟರು. ಅವರ ಮತದಂತೆ ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲುಂಟು. ಮಿದುಳಿಗೆ ಏರುವ ನೋವಿನ ಸಂದೇಶಗಳು ಅದನ್ನು ದಾಟಿಯೇ ಹೋಗಬೇಕು. ಮಿದುಳಿನಿಂದ ಇಳಿದುಬರುವ ಸಂದೇಶಗಳು ಆ ಬಾಗಿಲನ್ನು ತೆರೆಯಲೂಬಹುದು, ಓರೆಮಾಡಲೂಬಹುದು. ಈ ಮತದ ವಿವರಗಳನ್ನು ಅನಂತರದ ಸಂಶೋಧಕರು ತಿದ್ದಿದ್ದಾರೆ. ಆದರೆ ನೋವಿನಲ್ಲಿ ಮನಸ್ಸಿಗೂ ಪಾಲುಂಟೆಂಬ ಮುಖ್ಯಾಂಶವು ನಿಂತಿದೆ.

ಪ್ರಸವದ ವಿಷಯದಲ್ಲಿ ಇದನ್ನು ಇನ್ನೂ ಮುಂಚೆಯೇ ಹೇಳಿದವನು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್. ಭಯದಿಂದ ಸ್ನಾಯುಗಳ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ ಎಂಬ ಚಕ್ರವನ್ನು ಅವನು ತೋರಿಸಿದನು. ಫ್ರಾನ್ಸಿನ ವೈದ್ಯ ಫರ್ನಾಂಡ್ ಲಮಾಜ್ 1951ರಲ್ಲಿ ರಷ್ಯಾ ದೇಶಕ್ಕೆ ಹೋಗಿ, ಅಲ್ಲಿಯ ಪದ್ಧತಿಯನ್ನು ಕಂಡುಬಂದು, ಉಸಿರಾಟದ ಅಭ್ಯಾಸದಲ್ಲಿ ಗಮನವನ್ನು ನಿಲ್ಲಿಸುವ ಕ್ರಮವನ್ನು ಪ್ಯಾರಿಸಿನಲ್ಲಿ ಬಳಕೆಗೆ ತಂದನು. ಹಾಗೆಂದು ಪ್ರಸವವೇದನೆಯು ಬರಿಯ ಭಯದ ಸೃಷ್ಟಿಯೆಂದು ಯಾರೂ ಭಾವಿಸಬಾರದು. ಗರ್ಭಕೋಶವು ಸಂಕೋಚಗೊಳ್ಳುವುದೂ ಅದರ ಕೊರಳು ಹಿಗ್ಗುವುದೂ ದೇಹದ ವ್ಯಾಪಾರಗಳು. ಅವುಗಳ ನೋವು ವಾಸ್ತವವಾದದ್ದು.

ಹೆರಿಗೆಯ ನೋವು ಅಲೆಯಂತೆ ಬರುತ್ತದೆ. ಎರಡು ಅಲೆಗಳ ನಡುವೆ ಬಿಡುವಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸೂಚನೆಗಳಂತೆ ಗರ್ಭಕೋಶದ ಕೊರಳು 5 ಸೆಂಟಿಮೀಟರಿನಷ್ಟು ತೆರೆದಾಗ ತೀವ್ರವಾದ ಘಟ್ಟವು ಆರಂಭವಾಗುತ್ತದೆ. ಅದಕ್ಕೆ ಮುಂಚಿನ ಅವಧಿಯು ಚೊಚ್ಚಲು ಗರ್ಭಿಣಿಗೆ ಹಲವು ಗಂಟೆಗಳಷ್ಟು ದೀರ್ಘವಾಗಿರಬಹುದು. ಮನೋರಂಜನೆಗೆ ನಿಜವಾದ ಅವಕಾಶ ಇಲ್ಲಿಯೇ. ಇಷ್ಟವಾದ ಹಾಡು, ನಗೆಯ ಕಥೆ, ಅಳಗುಳಿಮಣೆ, ಚೌಕಾಬಾರ, ಅಂಗಳದಲ್ಲಿ ನಾಲ್ಕು ಹೆಜ್ಜೆ, ಇವೆಲ್ಲವೂ ಹೊತ್ತನ್ನು ಹಗುರಮಾಡಬಲ್ಲವು. ನೋವು ಬಲಿತ ಮೇಲೆ ಆಟದಲ್ಲಿ ಮನಸ್ಸು ನಿಲ್ಲುವುದು ಕಷ್ಟ. ಆಗ ಬೇಕಾದದ್ದು ಪರಿಚಿತವಾದ ಒಂದು ದನಿ, ಉಸಿರಿನ ಎಣಿಕೆ, ಸೊಂಟವನ್ನು ನೀವುವ ಒಂದು ಕೈ. ಮೊದಲು ಹಿತವಾಗಿದ್ದ ಹಾಡೇ ಆಗ ಕಿವಿಗೆ ಕಿರಿಕಿರಿಯಾಗಬಹುದು; ನಿಲ್ಲಿಸೆಂದರೆ ನಿಲ್ಲಿಸಬೇಕು. ನೋವಿಗೆ ಉಪಶಮನವನ್ನು ಬಯಸುವ ಆರೋಗ್ಯವಂತ ಗರ್ಭಿಣಿಯರಿಗೆ ಸಂಗೀತ, ಉಸಿರಾಟ ಮೊದಲಾದವನ್ನು ಅದೇ 2018ರ ಸೂಚನೆಗಳು ಒಪ್ಪುತ್ತವೆ. ಆದರೆ ಅವಳ ಇಷ್ಟವನ್ನು ಅನುಸರಿಸಿ ಎಂಬ ಮಾತನ್ನು ಸೇರಿಸಿಯೇ ಒಪ್ಪುತ್ತವೆ.

ಈ ಮಾತಿನಲ್ಲಿಯೇ ವಿಷಯದ ತಿರುಳಿದೆ. ನರಳುವವಳ ದನಿಯನ್ನು ಮುಚ್ಚಲೆಂದು ಹಾಡು ಹಾಕಿದರೆ ಮನೋರಂಜನೆಯಾಗುವುದು ಸುತ್ತಲಿನವರಿಗೆ, ಅವಳಿಗಲ್ಲ. "ಹೆಣ್ಣಾದ ಮೇಲೆ ತಾಳಿಕೊಳ್ಳಬೇಕು" ಎಂಬ ನಿಷ್ಠುರತೆಯೇ ಅಲ್ಲಿ ಸಂಗೀತದ ವೇಷದಲ್ಲಿ ಬಂದಂತಾಗುತ್ತದೆ. ರಕ್ತಸ್ರಾವ, ಸೆಳವು, ಜ್ವರ, ಮುಂದೆ ಸಾಗದ ಹೆರಿಗೆ, ಇವುಗಳಿಗೆ ವೈದ್ಯರು ಬೇಕು. ಅವಳ ಕೂಗು ಕೆಲವೊಮ್ಮೆ ಅಪಾಯದ ಮೊದಲ ಸುದ್ದಿ. ಅದನ್ನು ವಿನೋದದಲ್ಲಿ ಮುಳುಗಿಸುವುದೆಂದರೆ ಎರಡು ಜೀವಗಳನ್ನು ಪಣಕ್ಕಿಟ್ಟಂತೆ.

ನೋವಿಗೆ ಔಷಧ ಕೇಳುವುದೂ ದೌರ್ಬಲ್ಯವಲ್ಲ. 1847ರಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ ಪ್ರಸವಕಾಲದಲ್ಲಿ ಕ್ಲೋರೋಫಾರ್ಮನ್ನು ಬಳಸಿದಾಗ ಧರ್ಮದ ಹೆಸರಿನಲ್ಲಿಯೂ ಆಕ್ಷೇಪಣೆಗಳು ಎದ್ದವು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ಸ್ವೀಕರಿಸಿದಳು. ಇಂದು ಅದಕ್ಕಿಂತ ಸುರಕ್ಷಿತವಾದ ಉಪಾಯಗಳಿವೆ. ಹಾಡು ಅವುಗಳ ಜೊತೆಯಲ್ಲಿ ಇರಬಹುದು. ಅವುಗಳ ಜಾಗವನ್ನು ಹಿಡಿಯಲಾರದು.

ಇನ್ನೊಂದು ಮಾತು. ಯಂತ್ರದಿಂದ ಬರುವ ಹಾಡಿಗಿಂತ ಮಿಗಿಲಾದ ವಿನೋದ ಮನುಷ್ಯರ ಸಾಂಗತ್ಯ. ಹಿಂದೆ ಸೂಲಗಿತ್ತಿ ಬಾಣಂತಿಕೋಣೆಗೆ ತರುತ್ತಿದ್ದುದು ಕೈಯ ಕೌಶಲದ ಜೊತೆಗೆ ಮಾತಿನ ಧೈರ್ಯವನ್ನು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದದ್ದು ಅಂಥ ಪರಂಪರೆಗೆ ಸಂದ ಗೌರವ. ಹೆರಿಗೆ ಆಸ್ಪತ್ರೆಗೆ ಸೇರಿದಾಗ ಸುರಕ್ಷತೆ ಹೆಚ್ಚಿತು. ಆದರೆ ಎಷ್ಟೋ ಕಡೆ ತಾಯಿ, ಅತ್ತಿಗೆ, ಅಕ್ಕಂದಿರು ಬಾಗಿಲ ಹೊರಗೇ ಉಳಿದರು. ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮವು ಪ್ರಸವಕಾಲದಲ್ಲಿ ಒಬ್ಬ ಜೊತೆಗಾತಿಯಿರುವುದನ್ನು ಪ್ರೋತ್ಸಾಹಿಸಿತು. ನಿಮ್ಮ ಮನೆಯ ಹೆಣ್ಣುಮಗಳು ಗರ್ಭಿಣಿಯಾಗಿದ್ದರೆ ಎರಡು ಪ್ರಶ್ನೆಗಳನ್ನು ಮುಂಚಿತವಾಗಿಯೇ ಕೇಳಿರಿ: ಒಳಗೆ ಯಾರು ಜೊತೆಯಲ್ಲಿರಬಹುದೆಂದು ಆಸ್ಪತ್ರೆಯವರನ್ನು, ಯಾರು ಇರಬೇಕೆಂದು ಅವಳನ್ನು. ಹಾಡಿನ ಆಯ್ಕೆ ಆಮೇಲೆ ಆಗಬಹುದು.