ಅಣ್ಣಾಭಾವು ಸಾಠೆ ಅವರನ್ನು ರಂಗಕ್ಕೆ ತರುವಾಗ



ಈ ಸಲ ಅಣ್ಣಾಭಾವು ಸಾಠೆ ಅವರ ಬದುಕನ್ನು ನಾಟಕ ಮಾಡಿ ಆಡಬೇಕು ಅಂತ ನೀವು ನಿಶ್ಚಯ ಮಾಡೀರಿ. ಬಹಳ ಸಂತೋಷ. ಅವರು ನಮಗೆ ದೂರದವರಲ್ಲ. 1920ರ ಆಗಸ್ಟ್ 1ರಂದು ಅವರು ಹುಟ್ಟಿದ ವಾಟೇಗಾವ್, ನಮ್ಮ ಜತ್ತ ಇರುವ ಸಾಂಗಲಿ ಜಿಲ್ಲೆಯಲ್ಲೇ ಅದ. ಮಾಂಗ ಸಮಾಜದ ಮಗ. ಶಾಲೆ ಕಂಡದ್ದು ಎರಡು ದಿನವೂ ಪೂರಾ ಇಲ್ಲ. ಮನಿ ಮಂದಿ ಜೋಡಿ ಮುಂಬೈಗೆ ನಡಕೊಂಡೇ ಹೋಗಿ ಗಿರಣಿಯೊಳಗ ದುಡಿದರು. ಅಂಥವರು ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು.

ಜಯಂತಿ ದಿನ ಫೋಟೋಕ್ಕ ಹಾರ ಹಾಕೂದು ಸುಲಭ. ಫೋಟೋ ಏನೂ ಕೇಳೂದಿಲ್ಲ. ರಂಗದ ಮೇಲೆ ಬಂದ ಮನುಷ್ಯ ಎದುರು ಕುಂತವರನ್ನ ಪ್ರಶ್ನೆ ಕೇಳತಾನ. ಅದಕ್ಕ ಮೂರು ಮಾತು ಹೇಳತೀನಿ.

ಒಂದನೇದು, ಅವರು ನಾಟಕ ಹೆಂಗ ಆಡಿದರು ಅನ್ನೂದನ್ನ ನೋಡ್ರಿ. 1944ರಲ್ಲಿ ಬಾರ್ಶಿಯ ಅಮರ ಶೇಖ ಮತ್ತು ಗವಾಣಕರ ಅವರ ಜೋಡಿ ‘ಲಾಲ್ ಬಾವಟಾ ಕಲಾಪಥಕ’ ಕಟ್ಟಿದರು. ತಮಾಷಾದ ಆರಂಭದಾಗ ಗಣಪತಿಗೆ ಹೇಳೋ ವಂದನೆ ತಗದು, ನೆಲಕ್ಕ, ದುಡಿಯೋರಿಗೆ ವಂದನೆ ಹೇಳಿದರು. ಸರಕಾರ ತಮಾಷಾ ಬಂದ್ ಮಾಡಿದಾಗ ಅದನ್ನೇ ಲೋಕನಾಟ್ಯ ಅಂತ ಆಡಿದರು. ನಮಗೂ ಬಾಡಿಗಿ ಪರದೆ ಬೇಕಾಗಿಲ್ಲ. ಹಲಗಿ ಸಾಕು. ಊರಿಗೆ ಬಿಟ್ಟಿ ಬಾರಿಸೂದನ್ನ ನಮ್ಮ ಹಿರಿಯರು ಬಿಟ್ಟರು, ಅದು ಸರಿ. ಆದರ ನಮ್ಮ ಕಥಿ ಹೇಳಾಕ ನಾವೇ ಬಾರಿಸೋ ಹಲಗಿ ಯಾರ ಅಪ್ಪಣಿಯದೂ ಅಲ್ಲ. ಅದಕ್ಕ ನಾಚಬ್ಯಾಡ್ರಿ.

ಎರಡನೇದು, ‘ಮಾಝೀ ಮೈನಾ’ ಹಾಡು. ಅದು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹಾಡು, ಬೆಳಗಾವಿ, ಕಾರವಾರ ಹೊರಗ ಉಳಿದ ದುಃಖ ಅದರಾಗ ಅದ. ಮಹಾರಾಷ್ಟ್ರದಾಗ ಇದ್ದು ಕನ್ನಡ ಮಾತಾಡೋ ನಾವು ಅದನ್ನ ಹಾಡಬೇಕೋ ಬ್ಯಾಡೋ? ಹಾಡ್ರಿ ಅಂತೀನಿ. ದುಡಿಯಾಕ ಹೋದವ ಊರಾಗ ಬಿಟ್ಟುಬಂದ ಹೆಂಡತಿಯನ್ನ ನೆನೆಯೋ ಹಾಡೂ ಅದೇ. ಕಬ್ಬು ಕಡಿಯಾಕ ಹೋದವರ ಮನಿಯವರಿಗೆ ಅದು ತಿಳೀತದ. ಹಾಡು ಮರಾಠಿಯಾಗೇ ಇರಲಿ, ಹಿಂದ ಮುಂದ ಮಾತು ನಮ್ಮ ಕನ್ನಡದಾಗ ಬರಲಿ. ಅವರ ಗಡಿ ನೋವು ನಾವು ಕೇಳಿದರ, ನಮ್ಮ ಕನ್ನಡ ಶಾಲೆಗಳ ನೋವು ಕೇಳ್ರಿ ಅಂತ ಮರಾಠಿ ಗೆಳೆಯರಿಗೆ ಹೇಳಾಕ ನಮಗೂ ಬಾಯಿ ಇರತದ.

ಮೂರನೇದು, ಕೊನೆಯ ದಿನಗಳನ್ನ ಮುಚ್ಚಬ್ಯಾಡ್ರಿ. ‘ಫಕೀರಾ’ ಬರೆದು, ಅದನ್ನ ಬಾಬಾಸಾಹೇಬರಿಗೆ ಅರ್ಪಿಸಿ, ರಷ್ಯಾ ನೋಡಿ ಬಂದವರು ಘಾಟಕೋಪರದ ಚಿರಾಗನಗರದ ಜೋಪಡಿಯಾಗ ಬಾಳಿದರು. 1969ರ ಜುಲೈ 18ರಂದು ತೀರಿಕೊಂಡಾಗ ವಯಸ್ಸು ಬರೇ 48. ‘ಫಕೀರಾ’ದಾಗ ಹಸಿದವರಿಗಾಗಿ ಬ್ರಿಟಿಷರ ಖಜಾನೆಗೆ ಕೈ ಹಾಕೋ ವೀರನನ್ನ ಬರೆದ ಮನುಷ್ಯನ ಮನಿಯಾಗೇ ಬಡತನ ಇತ್ತು. ಇದನ್ನ ನೋಡಿದ ಮ್ಯಾಲೆ, ಬರೆಯೋ ನಮ್ಮ ಹುಡುಗರನ್ನ ನಾವು ಹೆಂಗ ನೋಡಿಕೋತೀವಿ ಅನ್ನೂ ಮಾತು ಓಣಿಯಾಗ ಏಳಬೇಕು.

ಇವತ್ತೇ ಪಾತ್ರ ಹಂಚಿಕೊಳ್ಳ್ರಿ. ಹೆಣ್ಣುಪಾತ್ರಕ್ಕ ಹುಡುಗರಿಗೆ ಸೀರಿ ಉಡಿಸಬ್ಯಾಡ್ರಿ, ನಮ್ಮ ತಂಗಿಯರು ಇದ್ದಾರ. ತಾಲೀಮು ಓಣಿಯ ನಡುವೇ ನಡೀಲಿ, ಮುದುಕಿಯರು ತಪ್ಪು ಹೇಳಲಿ, ತಿದ್ದಿಕೊಳ್ಳೂಣು.

ಜೈ ಭೀಮ್.